ಕಾರು ತೊಳಿಯೂದು ಎಷ್ಟು, ಬಿಡೂದು ಎಷ್ಟು

ಅಕ್ಕಾರ, ವೈನ್ಯಾರ, ಈ ಸಲ ಅಡಿಗಿ ಸುದ್ದಿ ಬ್ಯಾಡ. ಶಾವಿಗಿ ಹೊಸದಾತು, ಹಪ್ಪಳಾ ಆತು, ಮಾವಿನಕಾಯಿ ಭರಣಿ ಸೇರಿತು. ಈ ಸಲ ಗಾಡಿ ಮಾತು. ನಗಬ್ಯಾಡ್ರಿ ಮತ್ತ. ನನಗ ಕಾರು ಹೊಡಿಯಾಕ ಬರೂದಿಲ್ಲ ಖರೆ, ಆದ್ರ ಅದರಾಗಿನ ಕಸಾ ತಗಿಯೂದು, ಹಾಲು ಚೆಲ್ಲಿದ್ರ ಒರಸೂದು, ಹುಡುಗರು ವಾಂತಿ ಮಾಡಿದ್ರ ಬಳಿಯೂದು ಎಲ್ಲಾ ಯಾರ ಪಾಲಿಗೆ ಬರತೈತಿ? ಹಿಂಗಾಗಿ ನಮಗೂ ನಾಕು ಮಾತಾಡೂ ಹಕ್ಕು ಐತಿ.

ನಮ್ಮ ಓಣ್ಯಾಗ ಈಗ ಹನ್ನೊಂದು ಕಾರು ಅದಾವ. ನಾ ಮದಿವ್ಯಾಗಿ ಧಾರವಾಡಕ್ಕ ಬಂದಾಗ ಒಂದೂ ಇರಲಿಲ್ಲ. ಹನ್ನೊಂದು ಗಾಡಿಗೆ ಹನ್ನೊಂದು ನಮೂನಿ ಮಡಿ. ಮೂಲಿಮನಿಯವರದು ದಿನಾ ಮುಂಜಾನೆ ಅಭ್ಯಂಗಸ್ನಾನ. ಎದುರುಮನಿ ಹುಡುಗನದು ಖಂಡೇಪೂಜಿಗೊಮ್ಮೆ, ಯುಗಾದಿಗೊಮ್ಮೆ, ನಡುವ ಮಳಿರಾಯ ತೊಳದಷ್ಟು ತೊಳೀತು. ಅವನ ಹಿಂದಿನ ಗ್ಲಾಸಿನ ಮ್ಯಾಲೆ ಓಣಿ ಹುಡುಗರು ಬಳ್ಳಲೆ ಧೂಳಾಗ ಹೆಸರು ಬರದಿರತಾವ. ಎರಡೂ ನನಗ ಸೇರೂದಿಲ್ಲ. ಹಂಗಾದ್ರ ಎಷ್ಟು ತೊಳಿಬೇಕು ಅಂತ ಕೇಳಿದ್ರ, ನಮ್ಮ ಮನ್ಯಾಗ ಅದು ಇತ್ಯರ್ಥ ಆಗಾಕ ಮೂರು ವರ್ಷ ಹಿಡೀತು.

ನಮ್ಮ ಮನಿಯವರು ನಿವೃತ್ತಿ ಆದಾಗ ಬಂದ ರೊಕ್ಕದಾಗ ಗಾಡಿ ತಗೊಂಡ್ರು. ಬಿಳೇದು. ಅದಕ್ಕಿಂತ ಮೊದಲ ಇಪ್ಪತ್ತೇಳು ವರ್ಷ ಒಂದ ಬಜಾಜ್ ಚೇತಕ್ ಸ್ಕೂಟರ್. ಮುಂದ ಮಗಳು ನಿಂತು, ನಡುವ ಮಗ, ಹಿಂದ ನಾ ಸೆರಗು ಸುತಗೊಂಡು, ತೊಡಿ ಮ್ಯಾಲೆ ಬುತ್ತಿ ಗಂಟು ಇಟಗೊಂಡು, ಮಳ್ಯಾಗ ನವಲಗುಂದ ಕಡೆ ನನ್ನ ತವರಿಗೆ ಹೋಗೇವಿ. ಹಂಗ ಜೀವನಾ ಮಾಡಿದ ಮನಷಾಗ ಗಾಡಿ ಬಂದ್ರ ಅದು ಗಾಡಿ ಅಲ್ಲ, ಮನ್ಯಾಗ ಹುಟ್ಟಿದ ಕೂಸು. ಚಹಾ ಕುಡಿಯೂಕಿಂತ ಮೊದಲ ಹಳದಿ ಅರಿವಿ ಹಿಡದು ಹೊರಗ ಬೀಳವರು. ಸೀಟಿನ ಮ್ಯಾಲಿನ ಪ್ಲಾಸ್ಟಿಕ್ ಎರಡು ವರ್ಷ ತಗೀಲಿಲ್ಲ. ಕುಂತ್ರ ಚರಕ್ ಅಂತಿತ್ತು, ಬ್ಯಾಸಗ್ಯಾಗ ಬೆನ್ನಿಗೆ ಅಂಟತಿತ್ತು. ಕಾಲಾಗ ಮ್ಯಾಟ್, ಮ್ಯಾಟಿನ ಮ್ಯಾಲೆ ಪೇಪರ್. ಚುರಮುರಿ ಬಂದ್, ಶೇಂಗಾ ಬಂದ್. ಮೊಮ್ಮಗಗ ಬಿಸ್ಕೀಟ್ ಕೊಟ್ರ "ಇಳದ ಮ್ಯಾಲೆ ತಿನ್ನಪ್ಪಾ" ಅನ್ನವರು.

ನಾ ಬೈಲಿಲ್ಲ. ಆಸೆಪಟ್ಟು ತಗೊಂಡಾರ, ಇರಲಿ ಅಂದೆ. ಆದ್ರ ನೀರಿನ ವಿಷಯಕ್ಕ ಬಂದಾಗ ಸುಮ್ಮ ಕುಂದರಾಕ ಆಗಲಿಲ್ಲ.

ನಮಗ ನಳದಾಗ ಬರೂದು ಮಲಪ್ರಭಾ ನೀರು, ಸವದತ್ತಿ ಹತ್ರದ ರೇಣುಕಾಸಾಗರದ್ದು. ಅಲ್ಲಿಂದ ಎತ್ತಿ, ಸೋಸಿ, ಇಷ್ಟು ದೂರ ತಂದು ಬಿಡತಾರ. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ. ಒಂದು ದಿನಾ ನಾ 15 ಲೀಟರಿನ ಬಕೀಟು ಪೈಪಿನ ಕೆಳಗಿಟ್ಟು ಗಡಿಯಾರ ನೋಡಿದೆ. 75 ಸೆಕೆಂಡಿಗೆ ತುಂಬತು. ಇವರು ಗಾಡಿ ಮುಂದ ಪೈಪ್ ಹಿಡದು ನಿಂದ್ರೂದು ಹತ್ತು ನಿಮಿಷ. ಅಂದ್ರ ಎಂಟು ಬಕೀಟು, 120 ಲೀಟರ್. ನಮ್ಮಿಬ್ಬರ ಎರಡು ದಿನದ ಸ್ನಾನ ಅಷ್ಟರಾಗ ಆಗತೈತಿ.

ನಮ್ಮಲ್ಲೆ ಭಾಂಡಿ ತಿಕ್ಕಾಕ ಬರಾಕಿ ಇರೂ ಕಡೆ ನೀರು ಇನ್ನೂ ತಡಾ, ಎಂಟು ಹತ್ತು ದಿನಕ್ಕ ಹೋಗತೈತಿ. ಆಕಿ ಬರೂ ಹೊತ್ತಿಗೆ ಸರಿಯಾಗಿ ಗಾಡಿ ಕೆಳಗಿಂದ ನೀರು ಹರದು ಗಟಾರಕ್ಕ ಹೊಂಟಿರತಿತ್ತು. ಪಾಪ ಆಕಿ ಸೀರಿ ಎತ್ತಿ ಹಿಡದು ಅದನ್ನ ದಾಟಿ ಒಳಗ ಬರತಿದ್ಲು. ಭಾಳ ದಿನಾ ಏನೂ ಅನ್ನಲಿಲ್ಲ. ಒಂದು ಸಲ ಮಾತ್ರ ನಗಕೋತ, "ಅಕ್ಕಾರ, ಸಾಹೇಬ್ರಿಗೆ ಆ ಪೈಪ್ ಜರಾ ನನ್ನ ಕೊಡದ ಕಡೆ ತಿರಗಸ್ರಿ ಅಂತ ಹೇಳ್ರಿ" ಅಂದ್ಲು. ನಗಕೋತ ಅಂದದ್ದಕ್ಕ ಹೆಚ್ಚು ಚುಚ್ಚತು. ಅವತ್ತಿನಿಂದ ಆಕಿ ಎರಡು ಕೊಡಾ ತುಂಬಕೊಂಡು ಹೋಗೂದು ಸುರು ಆತು, ಆದ್ರ ಪೈಪ್ ನಿಲ್ಲಲಿಲ್ಲ. 2024ರ ಮಾರ್ಚಿನ್ಯಾಗ ಬೆಂಗಳೂರಿನ ಮಗಳು ಫೋನ್ ಮಾಡಿ, ಇಲ್ಲೆ ಕುಡಿಯೂ ನೀರಿನಾಗ ಗಾಡಿ ತೊಳದ್ರ ಜಲಮಂಡಳಿಯವರು 5,000 ರೂಪಾಯಿ ದಂಡ ಹಾಕತಾರ ಅಂದಾಗ ಇವರು ಪೈಪ್ ಸುತ್ತಿ ಇಟ್ಟರು. ಧಾರವಾಡದಾಗ ಇವರಿಗೆ ಯಾರು ದಂಡ ಹಾಕತಿದ್ರು? ಹೆಂಡ್ತಿ ಹೇಳಿದ್ದು ಕಿವಿಗೆ, ದಂಡದ ಸುದ್ದಿ ಕಿಸೆಕ್ಕ ಮುಟ್ಟತೈತಿ ನೋಡ್ರಿ.

ಈಗ ಎರಡು ಬಕೀಟಿನಾಗ ಗಾಡಿ ಆಗತೈತಿ, ಅದೂ ಹದಿನೈದು ದಿನಕ್ಕೊಮ್ಮೆ. ಒಂದರಾಗ ಸಾಬಾಣ ನೀರು, ಒಂದರಾಗ ಅರಿವಿ ಜಾಲಸಾಕ ಬರೇ ನೀರು. ಮ್ಯಾಲಿಂದ ಸುರು ಮಾಡಿ ಕೆಳಗ ಬರಬೇಕು, ಗಾಲಿಗೆ ಬ್ಯಾರೆ ಹಳೇ ಅರಿವಿ. ಗಾಲಿ ತಿಕ್ಕಿದ ಅರಿವೀಲೆ ಮೈ ತಿಕ್ಕಿದ್ರ ಅದರಾಗಿನ ಉಸುಕು ಬಣ್ಣಾ ಕೆರೀತೈತಿ. ಅಷ್ಟ ಅಲ್ಲ, ಮುಂಜಾನೆದ್ದು ಒಣಾ ಧೂಳಿನ ಮ್ಯಾಲೆ ಒಣಾ ಅರಿವಿ ಎಳಿಯೂದು ಎಲ್ಲಾದಕ್ಕಿಂತ ಕೆಟ್ಟದ್ದು. ಅದು ಒರಸಿದಂಗಲ್ಲ, ತಿಕ್ಕಿದಂಗ. ಎರಡು ವರ್ಷ ದಿನಾ ಒರಸಿದ ನಮ್ಮ ಗಾಡಿ ಬಿಸಲಾಗ ನೋಡಿದ್ರ ಜೇಡರ ಬಲಿ ಹಂಗ ಸಣ್ಣ ಸಣ್ಣ ಗೆರಿ ಕಾಣತಾವ. ತೊಳೀಲಾರದ ಎದುರುಮನಿ ಹುಡುಗನ ಗಾಡಿಗೆ ಅಷ್ಟು ಗೆರಿ ಇಲ್ಲ! ಇದನ್ನ ನಾ ಇವರ ಮುಂದ ಒಮ್ಮೆ ಮಾತ್ರ ಹೇಳೀನಿ.

ಭಾಂಡಿ ತಿಕ್ಕೂ ಸಾಬಾಣ ಬ್ಯಾಡ, ಅದು ಜಿಡ್ಡಿನ ಜೋಡಿ ಬಣ್ಣದ ಮ್ಯಾಲಿನ ಹೊಳಪಿನ ಮೇಣಾನೂ ತಗೀತೈತಿ. ಬಿಸಲಾಗ ತೊಳಿಬ್ಯಾಡ್ರಿ. ಬೋರಿನ ಗಡಸು ನೀರಾದ್ರ ಒಣಗೂಕಿಂತ ಮೊದಲ ಒರಸ್ರಿ, ಇಲ್ಲಾಂದ್ರ ಸ್ಟೀಲ್ ತಂಬಗಿ ಮ್ಯಾಲೆ ಕುಂದರತಾವಲ್ಲ, ಅಂಥ ಬಿಳೇ ಚಿಕ್ಕಿ ಕುಂದರತಾವ.

ಇನ್ನ ಕೆಲವು ಕೆಲಸಕ್ಕ ಹದಿನೈದು ದಿನಾ ಕಾಯೂ ಹಂಗಿಲ್ಲ. ಮುಂದಿನ ಗ್ಲಾಸು, ಕನ್ನಡಿ, ದೀಪಾ ಮೂರು ದಿನಾ ಒರಸಬೇಕು. ರಾತ್ರಿ ಎದುರಿಗೆ ಲಾರಿ ಬೆಳಕು ಬಿದ್ರ ಹೊಲಸು ಗ್ಲಾಸಿನಾಗ ಏನೂ ಕಾಣೂದಿಲ್ಲ. ಹಕ್ಕಿ ಹಿಕ್ಕಿ ಬಿದ್ರ ಅವತ್ತ ತಗೀಬೇಕು, ಅದು ಬಣ್ಣಾ ತಿಂತೈತಿ. ಕೆರಿಬ್ಯಾಡ್ರಿ, ಹಸಿ ಅರಿವಿ ಐದು ನಿಮಿಷ ಮ್ಯಾಲೆ ಹಾಕಿದ್ರ ತಾನ ಬಿಡತೈತಿ.

ಮತ್ತ ಗಾಡಿ ಕೆಳಗ. ಇದು ನಮ್ಮ ಕಡೆಯವರಿಗೆ ಭಾಳ ಮಹತ್ವದ್ದು. ಎರಿ ಮಣ್ಣಿನ ರಾಡಿ ಹಸಿ ಇದ್ದಾಗ ಅಂಟು, ಒಣಗಿದ್ರ ಸಿಮೆಂಟು. ಊರಿಗೆ ಹೋಗಿ ಬಂದ್ರ ಗಾಲಿ ಮ್ಯಾಲಿನ ಗೂಡಿನಾಗಿಂದು ಅದು ಒಣಗೂಕಿಂತ ಮೊದಲ ತಗದ್ರ ಅರ್ಧಾ ಕೆಲಸಾ. ಸುಗ್ಗ್ಯಾಗ ನಮ್ಮ ಮಂದಿ ಹುರಳಿ, ಕಡ್ಲಿ ರಾಶಿ ರಸ್ತೆ ಮ್ಯಾಲೆ ಹಾಕಿರತಾರ. ಅದರ ಮ್ಯಾಲೆ ಹಾದು ಬಂದ್ರ ಗಾಡಿ ಕೆಳಗ ಬಳ್ಳಿ, ಹೊಟ್ಟು ಸುತಗೊಂಡಿರತೈತಿ. ಕಾದ ಸೈಲೆನ್ಸರಿಗೆ ತಾಗಿದ್ರ ಬೆಂಕಿ ಹತ್ತೂ ಮಾತು, ಹತ್ತಿದ್ದೂ ಅದಾವ. ಮ್ಯಾಲೆ ಫಳಫಳ ಹೊಳಿಯೂ ಗಾಡಿ ಕೆಳಗ ಬಗ್ಗಿ ನೋಡಿದವರು ಎಷ್ಟು ಮಂದಿ ಅದಾರ? ರಾಶಿ ದಾಟಿದ ಮ್ಯಾಲೆ ಒಂದ್ ಕಡೆ ನಿಂದರಿಸಿ, ಗಾಡಿ ಜರಾ ಆರಿದ ಮ್ಯಾಲೆ ಕೋಲೀಲೆ ತಗಸ್ರಿ. ಅದು ಸ್ವಚ್ಛದ ಮಾತಲ್ಲ, ಜೀವದ ಮಾತು.

ಒಳಗಿನದು ನಮ್ಮ ರಾಜ್ಯ. ನಮ್ಮ ನಾದಿನಿಗೆ ದಮ್ಮು ಐತಿ. ಎ.ಸಿ. ಹಾಕಿದ್ರ ಆಕಿಗೆ ಕೆಮ್ಮು ಬರತಿತ್ತು, ತಂಪು ಆಗವೊಲ್ದು ಅಂತಿದ್ವಿ. ಗ್ಯಾರೇಜಿನ ಹುಡುಗ ಮುಂದಿನ ಡಬ್ಬಿ ಬಿಚ್ಚಿ, ಅದರ ಹಿಂದಿಂದ ಗಾಳಿ ಸೋಸೂ ಫಿಲ್ಟರ್ ತಗದು ತೋರಿಸಿದ. ಬೇವಿನ ಎಲಿ, ಜೋಳದ ರವದಿ ಚೂರು, ಕರೇ ಧೂಳು, ಒಂದು ಸತ್ತ ಪತಂಗ. ಹೊರಗ ದಿನಾ ಒರಸಿದ ಗಾಡಿ ರೀ ಇದು! ಉಸರಾಡೂ ಗಾಳಿ ಅದರೊಳಗಿಂದ ಬರತಿತ್ತು. ಹೊಸಾದು ಹಾಕಿದ ಮ್ಯಾಲೆ ಕೆಮ್ಮು ಕಡಿಮಿ ಆತು. ಈಗ ಮಳಿಗಾಲ ಮುಗದ ಮ್ಯಾಲೊಮ್ಮೆ, ಸುಗ್ಗಿ ಮುಗದ ಮ್ಯಾಲೊಮ್ಮೆ ತಗದು ನೋಡತೀವಿ.

ಮ್ಯಾಟು ಝಾಡಿಸಿ ಬಿಸಲಿಗೆ ಹಾಕ್ರಿ, ಹಸಿ ಇಟ್ರ ಮುಗ್ಗಲ ವಾಸನಿ. ಹಾಲು ಚೆಲ್ಲಿದ್ರ ತಣ್ಣೀರಿನಾಗ ಒರಸಿ, ಒಣಗಿದ ಮ್ಯಾಲೆ ತಿನ್ನೂ ಸೋಡಾ ಉದರಿಸಿ ರಾತ್ರಿ ಬಿಟ್ಟು ಮುಂಜಾನೆ ಝಾಡಿಸ್ರಿ. ಘಮಘಮ ಬಾಟಲಿ ತೂಗಬಿಡಬ್ಯಾಡ್ರಿ, ಆ ವಾಸನಿಗೇ ಅರ್ಧಾ ಮಂದಿಗೆ ವಾಂತಿ ಬರತೈತಿ. ತಿಂದದ್ದರ ಚೂರು ಮಾತ್ರ ರಾತ್ರಿ ಉಳೀಬಾರದು. ಅದರ ಹಿಂದ ಇಲಿ ಬರತಾವ, ಬಂದವು ವಾಯರ್ ಕಡೀತಾವ.

ತಿನ್ನಾಕ ಬಿಡಬಾರದು ಅಂತ ನಾ ಹೇಳವೊಲ್ಲೆ. ತಿನ್ರಿ, ಆಮ್ಯಾಲೆ ಝಾಡಿಸ್ರಿ.

ಈಗ ಪ್ಲಾಸ್ಟಿಕ್ ಹೆಂಗ ಹೋತು ಅನ್ನೂದು ಹೇಳತೀನಿ. ನಮ್ಮ ಅವ್ವಗ ಎಪ್ಪತ್ತೆಂಟು. ಕಣ್ಣಿನ ಪರೆ ತಗಸಾಕ ಆಕೀನ್ನ ಇಲ್ಲಿಗೆ ಕರಕೊಂಡು ಬರಬೇಕಾಗಿತ್ತು. ಶ್ರಾವಣ, ಜಿಟಿಜಿಟಿ ಮಳಿ, ಊರಾಗ ಮಣಕಾಲ ತನಕ ರಾಡಿ. ನಾ ಮುಂದ ಕುಂತಿದ್ದೆ, ಅವ್ವ ಹಿಂದ. ದಾರ್‍ಯಾಗ ಎರಡು ಸಲ ಕೇಳಿದೆ, "ಅವ್ವಾ, ಆರಾಮ ಕುಂತಿಯಿಲ್ಲ?" "ಹೂನವ್ವಾ" ಅಂದ್ಲು. ಮನಿ ಮುಂದ ಇಳಸಾಕ ಬಾಗಲಾ ತಗದ್ರ ಕಾಲು ಮ್ಯಾಲೆತ್ತಿ, ಮುದಡಿಕೊಂಡು, ಎರಡೂ ಕೈಲೆ ಸೀಟಿನ ಅಂಚು ಗಟ್ಟಿ ಹಿಡದು ಕುಂತಾಳ. ಪ್ಲಾಸ್ಟಿಕ್ ಮ್ಯಾಲೆ ಜಾರತಿತ್ತಲ್ಲ. ಮಣಕಾಲು ಹಿಡದಾವ, ಬಿಡಸಾಕ ಬರವೊಲ್ಲವು. ಇಬ್ಬರೂ ಹಿಡದು ಇಳಸಿದ್ವಿ. ಬರಿಗಾಲು.

"ಚಪ್ಪಲಿ ಎಲ್ಲೆ ಅವ್ವಾ?"

"ಅಲ್ಲೇ ಊರಾಗ ಬಿಟ್ಟೆನವ್ವಾ, ಗಾಡಿ ಹತ್ತೂ ಮುಂದ. ಅಳ್ಯಾರು ಗುಡಿ ಇಟ್ಟಂಗ ಇಟ್ಟಾರ. ರಾಡಿಗಾಲಾಗ ಹೆಂಗ ಹತ್ತಲಿ?"

ನಾ ಇವರ ಮಾರಿ ನೋಡಲಿಲ್ಲ. ನೋಡಿದ್ರ ಜಗಳಾ ಆಗತಿತ್ತು, ಅವ್ವನ ಮುಂದ ಬ್ಯಾಡಾಗಿತ್ತು. ಬಿಸಿನೀರು ಕಾಸಿ ಅವ್ವನ ಕಾಲು ತೊಳದು ಎಣ್ಣಿ ಹಚ್ಚಾಕ ಕುಂತೆ. ಇವರು ಹೇಳದ ಕೇಳದ ಹೊರಗ ಹೋದ್ರು. ಗಾಡಿ ತಗೊಂಡು ಹೋಗಲಿಲ್ಲ, ನಡಕೋತ ಹೋದ್ರು. ತಾಸಿನ ಮ್ಯಾಲೆ ಬಂದ್ರು, ಕೈಯಾಗ ಹೊಸಾ ಚಪ್ಪಲಿ, ಮೆತ್ತಂದು, ಹಿಂದ ಪಟ್ಟಿ ಇದ್ದದ್ದು. ಅವ್ವನ ಮುಂದಿಟ್ಟು, "ಅತ್ತಿ, ನಾಳೆ ದವಾಖಾನಿಗೆ ಇದನ್ನ ಹಾಕ್ಕೊಂಡ ಗಾಡಿ ಹತ್ತಬೇಕು" ಅಂದ್ರು. ರಾತ್ರಿ ಊಟಾ ಆದ ಮ್ಯಾಲೆ ಹೊರಗ ಚರಚರ ಸಪ್ಪಳ. ಬ್ಯಾಟರಿ ಹಿಡಕೊಂಡು ಒಬ್ಬರ ಪ್ಲಾಸ್ಟಿಕ್ ಹರಿಯಾಕತ್ತಿದ್ರು. ನಾ ಹೋಗಿ ಬ್ಯಾಟರಿ ಹಿಡದೆ. ಏನೂ ಮಾತಾಡಲಿಲ್ಲ.

ಅವ್ವಗ ಆಪರೇಶನ್ ಚೊಲೋ ಆತು. ಪಟ್ಟಿ ತಗದ ಮ್ಯಾಲೆ ಕಟ್ಟಿಗೆ ಕುಂತು ಗಾಡಿ ನೋಡಿ ಕಾರಹುಣ್ಣಿವಿ ನೆನಸಿದ್ಲು. ನಮ್ಮ ಅಪ್ಪ ಕಾರಹುಣ್ಣಿವಿ ದಿನಾ ಎತ್ತು ಹಳ್ಳಕ್ಕ ಹೊಡಕೊಂಡು ಹೋಗಿ ತಿಕ್ಕಿ ಮೈ ತೊಳದು, ಕೋಡಿಗೆ ಬಣ್ಣಾ ಹಚ್ಚಿ, ಜೂಲಾ ಹಾಕಿ ತರತಿದ್ದ. "ಉಳದ ದಿನಾ?" ಅಂತ ಮೊಮ್ಮಗ ಕೇಳಿದ. "ಉಳದ ದಿನಾ ಕಣ್ಣು, ಗೊರಸು, ಹೆಗಲು ನೋಡತಿದ್ದ. ನೊಗಾ ಬಡದು ಹುಣ್ಣಾಗೈತೇನು, ಗೊರಸಿನಾಗ ಕಲ್ಲು ಸಿಕ್ಕೈತೇನು. ಮೈಗಿನ ಮಣ್ಣು ಮಣ್ಣ ಬಿಡು, ದುಡದ ಎತ್ತಿಗೆ ಇರಾವ" ಅಂದ್ಲು. ನಮ್ಮ ಮನಿಯವರು ಕೇಳಿ ಸುಮ್ಮನಾದ್ರು. ಈಗ ಅವರ ಬಾಯಾಗೂ ಅದ ಮಾತು. ಗ್ಲಾಸು ಅಂದ್ರ ಕಣ್ಣು, ಗಾಲಿ ಅಂದ್ರ ಗೊರಸು. ಟೈರಿನಾಗ ಸಿಕ್ಕ ಸಣ್ಣ ಕಲ್ಲು ಸ್ಕ್ರೂಡ್ರೈವರೀಲೆ ತಗೀಕೋತ ಕುಂದರತಾರ. ಹಳದಿ ಅರಿವಿ ಪೂರ್ತಿ ಬಿಟ್ಟಿಲ್ಲ, ಬಿಡಸೂ ಆಸೆ ನನಗೂ ಇಲ್ಲ. ಆದ್ರ ಈಗ ಅದನ್ನ ಒದ್ದಿ ಮಾಡಕೊಂಡು ಹೋಗತಾರ.

ಬರೂ ಮಂಗಳವಾರ ಎಲ್ಲಾರೂ ಕೂಡಿ ಯಲ್ಲಮ್ಮನ ಗುಡ್ಡಕ್ಕ ಹೊಂಟೇವಿ. ಬರೂವಾಗ ಎಲ್ಲಾರ ಮೈಮ್ಯಾಲೂ ಭಂಡಾರ ಇರತೈತಿ, ಸೀಟಿಗೆ ಹತ್ತೇ ಹತ್ತತೈತಿ. ಇವರು ಈಗಿಂದ "ಸೀಟಿನ ಮ್ಯಾಲೆ ಚಾದರಾ ಹಾಸೂಣೇನು?" ಅನ್ನಾಕತ್ತಾರ. ಹಾಸ್ರಿ ಅಂದೀನಿ, ಹಳೇ ನೂಲಿಂದು, ಜಾರಲಾರದ್ದು. ಅದನ್ನ ದಾಟಿ ಹತ್ತಿದ್ರೂ ಅರಿಷಿಣದ ಕಲಿಗೆ ಸಾಬಾಣ ಹಚ್ಚಬ್ಯಾಡ್ರಿ, ಕೆಂಪಗಾಗತೈತಿ. ಒಣಾ ಬ್ರಶ್ಶೀಲೆ ಝಾಡಿಸಿ, ನಾಕೂ ಬಾಗಲಾ ತಗದು ಬಿಸಲಿಗೆ ನಿಂದರಿಸಿದ್ರ ಎರಡು ಮೂರು ದಿನದಾಗ ತಾನ ಮಾಸತೈತಿ.