ಬಾವುಟ ಎದ್ದರೆ ಓಡಬೇಕು

ಮಿನ್ನೆಸೋಟಾದಲ್ಲಿ ಇದು ನನ್ನ ಎಂಟನೇ ಚಳಿಗಾಲ. ಡಿಸೆಂಬರ್ ಬಂತೆಂದರೆ ಇಲ್ಲಿನವರಿಗೆ ಒಂದೇ ಧ್ಯಾನ, ಕೆರೆ ಯಾವಾಗ ಗಟ್ಟಿಯಾಗುತ್ತೆ ಅಂತ. ಹೊಸದಾಗಿ ಕಟ್ಟಿದ ತಿಳಿ ಐಸು ಕನಿಷ್ಠ 4 ಇಂಚು ದಪ್ಪ ಇದ್ದರೆ ಮಾತ್ರ ಅದರ ಮೇಲೆ ನಡೆಯಬಹುದು. ಬೆಳ್ಳಗಿನ ಐಸಾದರೆ ಅದರ ಎರಡರಷ್ಟು ಬೇಕು. ಆಮೇಲೆ ಬೈರಿಗೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು ಕಾಯೋದು. ನಾನೂ ಈ ಹುಚ್ಚಿಗೆ ಬಿದ್ದು ಆರು ವರ್ಷವಾಯ್ತು. ಬರಿ ಬರಿ ಅಂತ ಗೆಳೆಯರು ಪೀಡಿಸ್ತಾ ಇದ್ರು, ಇವತ್ತು ಬರೆದೇ ಬಿಡ್ತೀನಿ. ಹಿಮದ ಸೌಂದರ್ಯ ಅಂತೆಲ್ಲ ನಿಮ್ಮನ್ನು ಕೊರೆಯೋದಿಲ್ಲ... ಕೊರೆಯೋಕೆ ಐಸ್ ಇದೆಯಲ್ಲ :) ಗಾಳದ ಬಗ್ಗೆ ಮಾತ್ರ ಹೇಳ್ತೀನಿ. ಅದರಲ್ಲೂ ಕೈಯಲ್ಲಿ ಹಿಡಿಯದೆ, ಇಟ್ಟು ಕಾಯುವ ಗಾಳ.

ಐಸಿನ ಮೇಲೆ ಒಬ್ಬರು ಸಾಮಾನ್ಯವಾಗಿ ಎರಡು ದಾರ ಹಾಕಬಹುದು ಅಂತ ಇಲ್ಲಿನ ನಿಯಮ. ಒಂದನ್ನು ಕೈಯಲ್ಲಿ ಆಡಿಸ್ತಾ ಇರ್ತೀವಿ. ಇನ್ನೊಂದಕ್ಕೆ ಟಿಪ್-ಅಪ್. ಇದೇನೂ ದೊಡ್ಡ ಯಂತ್ರ ಅಲ್ಲ. ತೂತಿನ ಮೇಲೆ ಅಡ್ಡ ಇಡುವ ಒಂದು ಹಲಗೆ ಅಥವಾ ದುಂಡನೆಯ ಮುಚ್ಚಳ, ಅದರ ಕೆಳಗೆ ದಾರ ಸುತ್ತಿದ ರಾಟೆ, ಮೇಲೆ ಬಗ್ಗಿಸಿ ಸಿಕ್ಕಿಸಿದ ಪುಟ್ಟ ಬಾವುಟ. ರಾಟೆ ನೀರಿನೊಳಗೇ ಇರುತ್ತೆ, ಹಾಗಾಗಿ ಹೆಪ್ಪುಗಟ್ಟಲ್ಲ. ಮೀನು ಎಳೆದರೆ ರಾಟೆ ತಿರುಗಿ ಬಾವುಟ ಟಪ್ಪಂತ ಏಳುತ್ತೆ. ಆಗ ಓಡಬೇಕು. ಕೋಲಿಲ್ಲ, ಬರಿಗೈಯಲ್ಲೇ ದಾರ ಎಳೆಯಬೇಕು.

ಅಂಗಡಿಗೆ ಹೋದರೆ ಮೊದಲು ತಲೆ ತಿನ್ನೋದು ಗಾಳದ ನಂಬರು. ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು! 8ಕ್ಕಿಂತ 4 ದೊಡ್ಡದು, 4ಕ್ಕಿಂತ 1 ದೊಡ್ಡದು. ಅಲ್ಲಿಂದಾಚೆ ಲೆಕ್ಕ ಉಲ್ಟಾ, 1/0, 2/0, 3/0 ಅಂತ ಏರುತ್ತಾ ಹೋಗುತ್ತೆ. ಇದನ್ನ ಮಾಡಿದ ಪುಣ್ಯಾತ್ಮ ಯಾರೋ...

ಕ್ರಾಪಿಯಂಥ ಸಣ್ಣ ಮೀನಿಗೆ ಟಿಪ್-ಅಪ್ ಬೇಕಿಲ್ಲ. ತುದಿ ಮೆತ್ತಗಿರುವ ಗಿಡ್ಡ ಕೋಲನ್ನು ಬಕೆಟ್ ಮೇಲೆ ಆನಿಸಿಟ್ಟರೆ ಸಾಕು. ಚಳಿಗಾಲದಲ್ಲಿ ತಳದ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತೆ. ನೀರು ಅತಿ ಭಾರವಾಗಿರೋದು ಆ ಉಷ್ಣತೆಯಲ್ಲೇ, ಅದಕ್ಕೇ ಕೆರೆ ತಳದಿಂದ ಹೆಪ್ಪುಗಟ್ಟಲ್ಲ. ಆ ತಣ್ಣೀರಲ್ಲಿ ಕ್ರಾಪಿ ಮಂದ. ಎರೆಯನ್ನು ಮೆಲ್ಲಗೆ ಬಾಯೊಳಗೆ ಎಳ್ಕೊಳ್ಳುತ್ತೆ, ಸ್ವಲ್ಪ ಬಿಗಿ ಅನ್ನಿಸಿದರೂ ಉಗುಳಿಬಿಡುತ್ತೆ. ಆದ್ದರಿಂದ ತೆಳು ತಂತಿಯ 8ನೇ ನಂಬರ್ ಒಂಟಿ ಗಾಳ, ಬೆನ್ನಿಗೆ ಚುಚ್ಚಿದ ಮರಿಮೀನು, ಒಂದು ಸಣ್ಣ ಸೀಸದ ಗುಂಡು. ದಪ್ಪ ಗಾಳ ಚುಚ್ಚಿದರೆ ಮರಿ ಈಜದೆ ಸಾಯುತ್ತೆ, ಆಟ ಅಲ್ಲಿಗೇ ಮುಗೀತು.

ನಿಜವಾದ ಯೋಚನೆ ಬೇಕಾಗೋದು ಪೈಕ್ ಮೀನಿಗೆ. ಉದ್ದ ಮೂತಿ, ಬಾಯಿ ತುಂಬಾ ಹಲ್ಲು. ನೈಲಾನ್ ದಾರ ಅದಕ್ಕೆ ಶ್ಯಾವಿಗೆ ಇದ್ದ ಹಾಗೆ, ಕಚಕ್ ಅಂತ ತುಂಡು. ಗಾಳದ ಹಿಂದೆ ಒಂದಡಿ ಉಕ್ಕಿನ ಲೀಡರ್ ಇರಲೇಬೇಕು. ಪೈಕ್ ಎರೆಯನ್ನು ಅಡ್ಡಡ್ಡ ಕಚ್ಚಿ ಹಿಡಿದು, ಆಮೇಲೆ ತಿರುಗಿಸಿ ತಲೆ ಕಡೆಯಿಂದ ನುಂಗುತ್ತೆ. ಹಿಂದಿನವರು ಒಂದೇ ದೊಡ್ಡ ಗಾಳ ಹಾಕಿ, ಅದು ನುಂಗುವ ತನಕ ಕಾದು ಎಳೀತಿದ್ರು. ತಿನ್ನೋಕಾದರೆ ಅದು ಸರಿಯೇ. ಆದರೆ 2018ರಿಂದ ಮಿನ್ನೆಸೋಟಾದ ಉತ್ತರ-ಮಧ್ಯ ವಲಯದ ಕೆರೆಗಳಲ್ಲಿ 22ರಿಂದ 26 ಇಂಚಿನ ಪೈಕ್ ಸಿಕ್ಕಿದರೆ ವಾಪಸ್ ಬಿಡಲೇಬೇಕು. ಮೇಲೆ ಬರುವ ತನಕ ಅಳತೆ ಗೊತ್ತಾಗಲ್ಲ, ಅಷ್ಟರಲ್ಲಿ ಗಾಳ ಹೊಟ್ಟೆಯಲ್ಲಿರುತ್ತೆ. ಬಿಟ್ಟರೂ ಅದು ಬದುಕೋ ನಂಬಿಕೆ ಇಲ್ಲ.

ಇದನ್ನ ಫೋನಿನಲ್ಲಿ ತೀರ್ಥಹಳ್ಳಿಯ ಚಿಕ್ಕಪ್ಪನಿಗೆ ಹೇಳಿದಾಗ, "ಎಂಥದು ಮಾರಾಯ, ಹಿಡಿದದ್ದನ್ನ ವಾಪಸ್ ಬಿಡೋದಾದ್ರೆ ಹಿಡಿಯೋದ್ಯಾಕೆ? ಸಾಯೋ ಮೀನನ್ನ ಬಿಟ್ಟು ಪುಣ್ಯ ಅಂತ ಬೇರೆ!" ಅಂದ್ರು. ತುಂಗೆಯಲ್ಲಿ ಗಾಳ ಹಾಕಿ ಬೆಳೆದವರು. ಸಾರಿಗೆ ಆಗುವಷ್ಟು ಸಿಕ್ಕ ಕೂಡಲೇ ಎದ್ದು ಮನೆಗೆ ಬರುವವರು. ಅವರ ಎರಡನೇ ಮಾತು ನನ್ನ ಮನಸ್ಸಲ್ಲಿ ಬಹಳ ದಿನ ಕೂತಿತ್ತು. ಬಿಡೋ ಹೊತ್ತಿಗೆ ತೋರಿಸೋ ದಯೆಗೆ ಅಂಥ ಬೆಲೆ ಇಲ್ಲ, ಗಾಳ ಕಟ್ಟೋ ಹೊತ್ತಿಗೇ ಅದನ್ನ ಯೋಚಿಸಬೇಕು.

ಹಾಗಾಗಿ ಈಗ ನಾನು ಗಾಳ ಆರಿಸೋದು ಮೀನನ್ನು ನೋಡಿ ಮಾತ್ರ ಅಲ್ಲ, ನನ್ನ ಕಾಲನ್ನೂ ನೋಡಿ :) ಟಿಪ್-ಅಪ್ಪಿನಿಂದ 200 ಅಡಿ ದಾಟಿ ಹೋಗಬಾರದು ಅಂತ ಇಲ್ಲಿನ ಕಾನೂನು. ಆದರೆ ದಪ್ಪ ಬೂಟು ಹಾಕ್ಕೊಂಡು ಐಸಿನ ಮೇಲೆ 200 ಅಡಿ ಓಡಿ ನೋಡಿ, ಗೊತ್ತಾಗುತ್ತೆ! ತೂತು ಹತ್ತು ಹೆಜ್ಜೆಯಲ್ಲಿದ್ದರೆ ಕ್ವಿಕ್-ಸ್ಟ್ರೈಕ್. ಅಂದರೆ ಒಂದೇ ಲೀಡರಿನಲ್ಲಿ ಎರಡು ಸಣ್ಣ ಮೂರುಮೊನೆ ಗಾಳ, ಎರೆಮೀನಿನ ಬೆನ್ನಿಗೆ ಹಿಂದೊಂದು ಮುಂದೊಂದು. ಬಾವುಟ ಎದ್ದ ತಕ್ಷಣ ಎಳೆದರೂ ಬಾಯಲ್ಲೇ ಸಿಗುತ್ತೆ, ನುಂಗೋಕೆ ಬಿಡಬೇಕಿಲ್ಲ. ಆದರೆ ತಡವಾದರೆ ಆರು ಮೊನೆ ಗಂಟಲಲ್ಲಿ, ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ತೂತು ದೂರ ಇದ್ದರೆ, ಮಕ್ಕಳು ಜೊತೆಗಿದ್ದರೆ ಸರ್ಕಲ್ ಗಾಳ. ಇದರ ಮೊನೆ ಒಳಕ್ಕೆ ಬಾಗಿರುತ್ತೆ. ಜಗ್ಗಬಾರದು, ನಿಧಾನಕ್ಕೆ ದಾರ ಬಿಗಿ ಮಾಡಿದರೆ ಹೆಚ್ಚಾಗಿ ಜಾರಿಕೊಂಡು ಬಂದು ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತೆ. ಕೆಲವು ಮೀನು ತಪ್ಪಿಸಿಕೊಳ್ಳುತ್ತೆ, ಹೋಗಲಿ ಬಿಡಿ. ಎರಡರಲ್ಲೂ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿರ್ತೀನಿ. ಆಗ ಬಿಡಿಸೋದು ಸುಲಭ. ಹೊರಗೆ ಮೈನಸ್ 20 ಇದ್ದಾಗ ಮೀನಿನ ಕಣ್ಣು, ಕಿವಿರು ಬೇಗ ಹೆಪ್ಪುಗಟ್ಟುತ್ತೆ, ಫೋಟೋಗೆ ಹಿಡಿದು ನಿಲ್ಲೋ ಹೊತ್ತಲ್ಲ ಅದು. ಇಷ್ಟೆಲ್ಲ ಆಗಿಯೂ ಗಾಳ ಆಳಕ್ಕೆ ಹೋಗಿದ್ದರೆ ಕಿತ್ತು ತೆಗೆಯೋ ಸಾಹಸ ಬೇಡ. ದಾರ ಕತ್ತರಿಸಿ ಬಿಡೋದೇ ವಾಸಿ.

ಊರಿನಲ್ಲಿ ಹೊಳೆ ದಂಡೆಗೆ ಗಾಳ ಕಟ್ಟಿಟ್ಟು, ಬೆಳಿಗ್ಗೆ ಹೋಗಿ ನೋಡುವವರು ನಿಮ್ಮಲ್ಲೂ ಇರಬಹುದು. ನೀವು ಯಾವ ಗಾಳ ಕಟ್ತೀರಿ, ಯಾವ ಮೀನಿಗೆ? ತಿಳಿಸಿ, ಚಿಕ್ಕಪ್ಪನ ಜೊತೆ ವಾದ ಮಾಡೋಕೆ ನನಗೂ ಸ್ವಲ್ಪ ಸರಕು ಬೇಕು :)