ಪದ್ಮಿನಿಯ ಹೆಸರು

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಗೆ ಶಬ್ದಗಳ ಅರ್ಥವನ್ನೂ ವ್ಯುತ್ಪತ್ತಿಯನ್ನೂ ಹೇಳಿಕೊಟ್ಟ ನಾವು, ಹೆಸರುಗಳ ವಿಷಯದಲ್ಲಿ ಇನ್ನು ಕಲಿಯತಕ್ಕದ್ದೇನೂ ಇಲ್ಲವೆಂದು ಭಾವಿಸಿದ್ದೆವು. ಹೆಸರನ್ನು ಕಳಚುವುದು ಹೇಗೆ, ಮರಳಿ ಕೂರಿಸುವುದು ಹೇಗೆ ಎಂಬ ವಿದ್ಯೆಯೊಂದು ಬೇರೆಯೇ ಉಂಟೆಂಬುದು ನಮಗೆ ತಿಳಿದದ್ದು ಅರುವತ್ತನೆಯ ವಯಸ್ಸಿನಲ್ಲಿ, ಹಳೆಯ ಕಾರೊಂದರ ಬೆನ್ನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತಾಗ.

ಕಾರು ನಮ್ಮ ತೀರ್ಥರೂಪರು 1985ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಈ ವಾಹನದ ನಾಮಕರಣದ ಕಥೆಯೇ ಸ್ವಾರಸ್ಯವಾದುದು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ಇದು 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಹೊರಬಂದಿತು, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿಯಾಯಿತು. ಒಡಲು ಬಹುಮಟ್ಟಿಗೆ ಅದೇ. ಬದಲಾದುದು ಮೈಮೇಲಿನ ಲೋಹದ ಅಕ್ಷರಗಳು. ಚಿತ್ತೂರಿನ ರಾಣಿಯ ಹೆಸರನ್ನು ಇದಕ್ಕೆ ಇಟ್ಟರೆಂದು ಹೇಳುವರು. ನಾವಾದರೋ ತರಗತಿಯಲ್ಲಿ, ‘ಪದ್ಮವೆಂದರೆ ಹೂವು, ಪದ್ಮಿನಿಯೆಂದರೆ ತಾವರೆಯ ಬಳ್ಳಿ, ತಾವರೆ ತುಂಬಿದ ಕೊಳ’ ಎಂದು ಹೇಳಿ, ನಮ್ಮ ಮನೆಯ ಕೊಳ ನಾಲ್ಕು ಚಕ್ರದ ಮೇಲೆ ಓಡುವುದೆಂದು ಹುಡುಗರನ್ನು ನಗಿಸುತ್ತಿದ್ದೆವು.

ನಮ್ಮ ಮಾತೃಶ್ರೀಯವರಿಗೆ ಇಂಗ್ಲಿಷ್ ಅಕ್ಷರಗಳು ಬಾರವು. ಡಿಕ್ಕಿಯ ಮೇಲಿನ ಬರಹ ‘ಪದ್ಮಿನಿ’ ಎಂದು ತೀರ್ಥರೂಪರು ಓದಿ ಹೇಳಿದಂದಿನಿಂದ, ಪ್ರತಿ ಆಯುಧಪೂಜೆಯಲ್ಲಿಯೂ ಎಲ್ಲರೂ ಕಾರಿನ ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿದರೆ, ಅವರು ಹಿಂದಕ್ಕೆ ಹೋಗಿ ಆ ಹೆಸರಿಗೆ ಹಚ್ಚುವರು. ಕಾರಣವನ್ನು ಕೇಳಿದರೆ, “ಹೆಸರಿಗೆ ಇಟ್ಟರೆ ಅವಳಿಗೇ ಇಟ್ಟ ಹಾಗಲ್ಲವೇನೋ” ಎನ್ನುವರು. 1985ರಿಂದ 2021ರವರೆಗೆ ಒಂದು ವರ್ಷವೂ ಅದು ತಪ್ಪಲಿಲ್ಲ. 2022ರಲ್ಲಿ ಅವರು ತೀರಿಕೊಂಡರು.

ಹದಿನೈದು ವರ್ಷ ತುಂಬಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. 2025ರಲ್ಲಿ ಆ ಕಾಲವೊದಗಿದಾಗ, ಅಲ್ಲಲ್ಲಿ ತುಕ್ಕು ಹಿಡಿದಿದ್ದ ಮೈಗೆ ಹೊಸ ಬಣ್ಣ ಬಳಿಸಲು ನಿಶ್ಚಯಿಸಿದೆವು. ಹಿಂದೊಮ್ಮೆ ಬಳಿಸಿದ್ದಾಗ ಹೆಸರನ್ನು ಕಳಚದೆ, ಅದಕ್ಕೆ ಕಾಗದ ಅಂಟಿಸಿ ಸುತ್ತಲೂ ಬಳಿದಿದ್ದರು. ಈ ಸಲ ಕಳಚಲೇಬೇಕಾಗಿತ್ತು. ನಮ್ಮ ಮಗನು, “ಕಳಚಿದ ಮೇಲೆ ಮತ್ತೆ ಹಾಕುವುದು ಬೇಡಪ್ಪ; ತೂತು ಮುಚ್ಚಿಸಿಬಿಡಿ, ಬೆನ್ನು ನುಣುಪಾಗಿ ಕಾಣುತ್ತೆ” ಎಂದನು. ನಾವು ಒಪ್ಪಲಿಲ್ಲ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಕುಶಲಿಗಳೇಕೆಂದು ಒಂದು ಭಾನುವಾರ ನಾವೇ ತಿರುಪುಳಿಯೊಂದನ್ನು ಹಿಡಿದು ಹೊರಟೆವು.

ಆತುರಗಾರನಿಗೆ ಬುದ್ಧಿ ಮಟ್ಟವೆಂಬುದನ್ನು ಎಷ್ಟು ಹುಡುಗರ ಕೈಯಲ್ಲಿ ಎಷ್ಟು ಬಾರಿ ಬರೆಯಿಸಿದ್ದೆವೋ! ಅಕ್ಷರದ ಅಡಿಗೆ ತಿರುಪುಳಿಯನ್ನು ತೂರಿಸಿ ಮೀಟಿದೆವು. ಲಟಕ್ಕೆಂದು ಸದ್ದಾಯಿತು. ಹೆಸರು ಕೈಗೆ ಬಂದಿತು. ಅದರ ಬೆನ್ನಿನ ಎರಡು ಕಡ್ಡಿಗಳಲ್ಲಿ ಒಂದು ತಗಡಿನ ತೂತಿನಲ್ಲಿಯೇ ಮುರಿದು ಉಳಿಯಿತು. ಹೆಸರಿನ ಹಿಂದೆ ಕಂದುಬಣ್ಣದ ಕೊಳೆ ಹೆಪ್ಪುಗಟ್ಟಿದ್ದಿತು. ಅದನ್ನು ಸೋಪಿನ ನೀರಿನ ಬಕೀಟಿನಲ್ಲಿ ಮುಳುಗಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ನೀರು ಮೆಲ್ಲನೆ ಕೆಂಪಾಯಿತು. ಕಾಫಿ ತಂದ ನಮ್ಮ ಮನೆಯವರು ಬಕೀಟನ್ನು ನೋಡಿ, “ಇದೇನು ಮಾಡಿಬಿಟ್ಟಿರಿ? ಅತ್ತೆಯವರ ಕುಂಕುಮವಲ್ಲವೇ!” ಎಂದರು.

ಮೂವತ್ತೇಳು ಆಯುಧಪೂಜೆಗಳ ಕುಂಕುಮ ಆ ಸಂದಿಯಲ್ಲಿ ಕುಳಿತಿತ್ತು. ಅವರ ಬೆರಳು ಇಟ್ಟುಹೋದುದನ್ನು ನಾವು ಐದು ನಿಮಿಷದಲ್ಲಿ ತೊಳೆದಿದ್ದೆವು. ಆ ನೀರನ್ನು ಬಚ್ಚಲಿಗೆ ಚೆಲ್ಲಲು ಮನಸ್ಸು ಬಾರದೆ ತೆಂಗಿನ ಬುಡಕ್ಕೆ ಹೊಯ್ದೆವು. ಅಂದು ಊಟ ಸೇರಲಿಲ್ಲ.

ಮರುದಿನ ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ, ನಮಗಿಂತ ಹಿರಿಯರಾದ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ಒಯ್ದೆವು. ಅವರು ಮುರಿದ ಕಡ್ಡಿಯನ್ನು ನೋಡಿ ಬೈಯಲಿಲ್ಲ; ‘ಪ್ರೀಮಿಯರ್’ ಎಂಬ ಇನ್ನೊಂದು ಬರಹವನ್ನು ತೋರಿಸಿ, “ಮೇಷ್ಟ್ರೇ, ಇದನ್ನು ತೆಗೆಯೋದು ನೋಡಿ” ಎಂದರು. ಮೊದಲು ಬರಹದ ಸುತ್ತಲೂ ಬಣ್ಣ ಗೀಚದಂತೆ ಕಾಗದದ ಟೇಪನ್ನು ಅಂಟಿಸಿದರು. ತೆಳುವಾದ ಕಾಗದವನ್ನು ಮೇಲಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಬರಹದ ಅಚ್ಚನ್ನೂ, ಅಂಚಿನಿಂದ ಅದಕ್ಕಿರುವ ಅಳತೆಯನ್ನೂ ತೆಗೆದುಕೊಂಡರು. ಬಳಿಕ ಡಿಕ್ಕಿಯನ್ನು ತೆರೆದು, ಒಳಗಿನಿಂದ ಕಡ್ಡಿಗಳನ್ನು ಹಿಡಿದಿದ್ದ ಸಣ್ಣ ಕ್ಲಿಪ್ಪುಗಳಿಗೆ ಎಣ್ಣೆ ಬಿಟ್ಟು, ನಮ್ಮನ್ನು ಚಹಾ ಕುಡಿಯಲು ಕರೆದರು. ಇಂತಹ ಬರಹಗಳು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಮೇಲೆ ಕ್ರೋಮಿಯಂ ಲೇಪ. ವಯಸ್ಸಾದಂತೆ ಅವು ಪೆಡಸಾಗುವುವು. ಮುಂದಿನಿಂದ ಮೀಟಿದರೆ ಮುರಿಯುವುವು. ಒಂದು ಗಂಟೆಯ ತರುವಾಯ ಕ್ಲಿಪ್ಪುಗಳು ತಾವಾಗಿ ಸಡಿಲಿ, ಬರಹವು ಅಂಗೈಯಲ್ಲಿ ಬಂದು ಕುಳಿತಿತು. ಅಂಟಿನಿಂದ ಕೂರಿಸಿದ್ದಾದರೆ ಬಿಸಿನೀರಿನ ಬಟ್ಟೆಯಿಂದ ಕಾವು ಕೊಟ್ಟು, ಗಾಳದ ನೈಲಾನ್ ದಾರವನ್ನು ಹಿಂದೆ ಗರಗಸದಂತೆ ಆಡಿಸಬೇಕಂತೆ.

ಕುಂಕುಮದ ಸಂಗತಿಯನ್ನು ಹೇಳಿಕೊಂಡೆವು. ಅವರು ಪದ್ಮಿನಿಯ ಕಡ್ಡಿಯ ತೂತನ್ನು ಬೆರಳಿನಿಂದ ಸವರಿ ನಮಗೆ ತೋರಿಸಿದರು. ಸುತ್ತಲೂ ತುಕ್ಕು ತಿಂದಿತ್ತು. “ಪುಡಿ ನೀರನ್ನು ಹಿಡಿದುಕೊಳ್ಳುತ್ತೆ ಮೇಷ್ಟ್ರೇ. ತೊಳೆದದ್ದು ತಪ್ಪಲ್ಲ. ಇನ್ನೆರಡು ವರ್ಷ ಬಿಟ್ಟಿದ್ದರೆ ಹೆಸರು ನಿಲ್ಲೋಕೆ ತಗಡೇ ಇರುತ್ತಿರಲಿಲ್ಲ” ಎಂದರು. ಆ ಮಾತಿನಿಂದ ದುಃಖವು ಹೋಗಲಿಲ್ಲ. ಆದರೆ ಅದರ ಆಕಾರ ಬದಲಾಯಿತು. ತೊಳೆದುದಕ್ಕಲ್ಲ, ಏನನ್ನು ತೊಳೆಯುತ್ತಿರುವೆವೆಂದು ನೋಡದೆ ತೊಳೆದುದಕ್ಕೆ ನಾವು ಪಶ್ಚಾತ್ತಾಪ ಪಡಬೇಕಾಗಿತ್ತು.

ತುಕ್ಕನ್ನು ಕೆರೆದು ಬಣ್ಣ ಬಳಿದಾಯಿತು. ಬಣ್ಣ ಪೂರ್ತಿಯಾಗಿ ಆರುವ ಮುನ್ನ ಹೆಸರನ್ನು ಕೂರಿಸಕೂಡದೆಂದು ಮೇಸ್ತ್ರಿಗಳು ಮೂರು ವಾರ ಕಾಯಿಸಿದರು. ಮುರಿದ ಕಡ್ಡಿಯ ಮೋಟನ್ನು ಅರದಿಂದ ಸಮನಾಗಿ ಉಜ್ಜಿ, ಆ ತುದಿಗೆ ಎರಡು ಮೈಗೂ ಅಂಟಿರುವ ಟೇಪನ್ನು ಅಕ್ಷರದ ಅಂಚಿನಿಂದ ಹೊರಗೆ ಇಣುಕದಂತೆ ಕತ್ತರಿಸಿ ಹಚ್ಚಿದರು. ಖಾಲಿ ತೂತನ್ನು ಮುಚ್ಚಿದರು. ಉಳಿದ ಕಡ್ಡಿಯ ತೂತಿಗೆ ನೀರು ಇಳಿಯದಂತೆ ಮೆತ್ತನೆಯ ಲೇಪ ಕೊಟ್ಟರು. ಪೆನ್ಸಿಲ್ ಅಚ್ಚಿನ ಕಾಗದವನ್ನು ಹಿಡಿದು, ಸ್ಥಳವನ್ನು ಸ್ಪಿರಿಟ್ಟಿನಿಂದ ಒರೆಸಿ, “ಒತ್ತಿ ಮೇಷ್ಟ್ರೇ, ನೀವೇ ಒತ್ತಿ. ಒಂದು ದಿನ ನೀರು ಸೋಕಿಸಬೇಡಿ” ಎಂದರು. ಹೆಸರು ತನ್ನ ಜಾಗದಲ್ಲಿ ನಿಂತಿತು.

ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಪದ್ಮಿನಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ನಮ್ಮ ಮನೆಯ ಪದ್ಮಿನಿ ವಾರಕ್ಕೊಮ್ಮೆ ತರಕಾರಿಗೆ ಹೋಗಿ ಬರುತ್ತಾಳೆ. ಆ ವರ್ಷದ ಆಯುಧಪೂಜೆಯಲ್ಲಿ ನಮ್ಮ ಮನೆಯವರು ಹಿಂದಕ್ಕೆ ಹೋಗಿ, ಹೆಸರಿನ ಮೊದಲಕ್ಷರಕ್ಕೆ ಸಣ್ಣದೊಂದು ಬೊಟ್ಟಿಟ್ಟರು. ಮರುದಿನ ಒದ್ದೆ ಬಟ್ಟೆಯನ್ನು ಹಿಡಿದು ನಾವೇ ಅದನ್ನು ಒರೆಸಿದೆವು. ಸಂದಿಗೆ ಇಳಿದಿದ್ದಷ್ಟನ್ನು ಮಾತ್ರ ಒರೆಸಲು ಹೋಗಲಿಲ್ಲ.