ಸೆರಗು ಹಿಡಿಯಲು ಕೈ ಉಳಿಯಲಿಲ್ಲ

ನಮ್ಮ ಕಡೆ ಹೊಟ್ಟೆ ಮುಂದೆ ಬಂದವರಿಗೆ ‘ಡೊಳ್ಳು ಹೊಟ್ಟಿ’ ಅನ್ನುತ್ತಾರೆ. ಹನುಮಸಾಗರದ ನಾವು ಆರು ಜನ ಹೆಂಗಸರು ಅಂಥ ಹೊಟ್ಟೆಯ ಮೇಲೆ ನಿಜವಾದ ಡೊಳ್ಳನ್ನೇ ಕಟ್ಟಿಕೊಂಡ ಕಥೆ ಇದು. ನಮ್ಮಲ್ಲಿ ಇಬ್ಬರು ಹೊಲಿಗೆಯವರು, ಒಬ್ಬಳು ಅಂಗನವಾಡಿ ಸಹಾಯಕಿ, ಇಬ್ಬರು ಹೊಲ-ಮನೆ ಎರಡನ್ನೂ ನೋಡುವವರು, ಒಬ್ಬಳು ಪತ್ರಿಕೆಗೆ ಸುದ್ದಿ ಕಳಿಸುವವಳು. ಬರೆದ ಕೈ ಒಬ್ಬಳದು, ಮಾತು ಎಲ್ಲರದು.

ಶುರುವಾದದ್ದು ಮೊಬೈಲಿನಿಂದ. ಸಂಘದ ವಾರದ ಕಂತು ಕಟ್ಟಿ ಕೂತಾಗ ಒಬ್ಬಳು ವಿಡಿಯೋ ತೋರಿಸಿದಳು. ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಸಭಾಭವನ. ನಲವತ್ತು ಐವತ್ತು ದಾಟಿದ ಹೆಂಗಸರು ಸೊಂಟಕ್ಕೆ ಕಾಸು ಪೋಣಿಸಿದ ಬಟ್ಟೆ ಕಟ್ಟಿಕೊಂಡು ಬೆಲ್ಲಿ ಡಾನ್ಸ್ ಕಲಿಯುತ್ತಿದ್ದರು. ಈಜಿಪ್ಟ್ ಕಡೆಯ ಕುಣಿತವದು, ಹೊಟ್ಟೆ ಮತ್ತು ಸೊಂಟದ್ದೇ ಕೆಲಸ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು. ಆಮೇಲೆ ಒಬ್ಬಳು, “ಅವ್ರಿಗೂ ನಮ್ಹಂಗ ಹೊಟ್ಟಿ ಐತಿ. ಆದ್ರ ಮುಚ್ಕೊಂಡಿಲ್ಲ ನೋಡು” ಅಂದಳು. ನಗು ನಿಂತಿತು.

ಹಾಗಾದರೆ ನಾವೇನು ಕಲಿಯೋಣ? ಕೋಲಾಟ ಎಲ್ಲರಿಗೂ ಬರುತ್ತಿತ್ತು. “ಡೊಳ್ಳು ಕಲಿಯೂನು” ಅಂದಳು ಹೊಲಿಗೆಯವಳು. ಮಲೆನಾಡಿನ ಕಡೆ ಹೆಣ್ಣುಮಕ್ಕಳ ಡೊಳ್ಳಿನ ತಂಡಗಳಿವೆ, ಮೈಸೂರು ದಸರಾ ಮೆರವಣಿಗೆಯಲ್ಲೂ ಅಂಥ ತಂಡ ಬಂದದ್ದನ್ನು ಟಿವಿಯಲ್ಲಿ ನೋಡಿದ್ದೆವು. ಆದರೆ ನಮ್ಮ ಓಣಿಯಲ್ಲಿ ಹೆಂಗಸರು ಡೊಳ್ಳು ಬಾರಿಸಿದ್ದನ್ನು ನಾವಂತೂ ಕಂಡಿರಲಿಲ್ಲ.

ಸುದ್ದಿ ಬರೆಯುವವಳಿಗೆ ಇನ್ನೊಂದು ನಾಚಿಕೆ. ಹತ್ತು ವರ್ಷದಲ್ಲಿ ಎಷ್ಟೋ ಮೆರವಣಿಗೆ ಬರೆದಿದ್ದಾಳೆ. ಪ್ರತಿ ಸಲವೂ ಕೊನೆಯ ಸಾಲು ಒಂದೇ: ‘ಡೊಳ್ಳು ಕುಣಿತ ಮೆರವಣಿಗೆಗೆ ಮೆರುಗು ನೀಡಿತು’. ಬಾರಿಸುವವನ ಎಡಗೈ ಏನು ಮಾಡುತ್ತದೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಕಲಿಸಲು ಒಪ್ಪಿದವರು ಪಕ್ಕದ ಹಳ್ಳಿಯ ಅಜ್ಜ. ಬೀರಲಿಂಗೇಶ್ವರನ ಗುಡಿಯಲ್ಲಿ ಚಿಕ್ಕಂದಿನಿಂದ ಬಾರಿಸಿದವರು. ಗುರುವಾರ ರಾತ್ರಿ, ಊಟ ಆದ ಮೇಲೆ, ಹೊಲಿಗೆಯವಳ ಮನೆಯ ಹಿತ್ತಲಲ್ಲಿ ಪಾಠ. ಮೊದಲ ದಿನ ಡೊಳ್ಳನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆವು. 11 ಕೆ.ಜಿ. ಬಂತು. ಹೌಹಾರಿದೆವು. ಅಜ್ಜ ನಕ್ಕು, “ಎರಡೆರಡು ಕೊಡ ನೀರ ಹೊತ್ತ ಸೊಂಟಕ್ಕ ಇದೇನ್ ಭಾರಬೇ ಯವ್ವ?” ಅಂದರು.

ಭಾರ ಅಲ್ಲ ಕಷ್ಟ, ಸೆರಗು. ಡೊಳ್ಳಿನ ಹಗ್ಗ ಹೆಗಲಿಗೆ ಬರುತ್ತದೆ, ನಡುವಿಗೂ ಬಿಗಿಯಬೇಕು. ಬಲಗೈಗೆ ಕೋಲು. ಎಡಗೈ ಬರಿ ಅಂಗೈಯಿಂದ ಇನ್ನೊಂದು ಮಗ್ಗುಲಿನ ಚರ್ಮಕ್ಕೆ ಬಡಿಯಬೇಕು. ಸೆರಗು ಸರಿಮಾಡಲು ಮೂರನೇ ಕೈ ಎಲ್ಲಿಂದ ತರುವುದು? ಎರಡು ಪೆಟ್ಟಿಗೊಮ್ಮೆ ನಮ್ಮ ಕೈ ತಾನಾಗೇ ಎದೆಯ ಕಡೆ ಹೋಗುತ್ತಿತ್ತು, ತಾಳ ತಪ್ಪುತ್ತಿತ್ತು. ನಾವು ನಡೆಯುವಾಗ, ಬಸ್ಸು ಹತ್ತುವಾಗ, ಮಾತಾಡುವಾಗ ಒಂದು ಕೈಯನ್ನು ಯಾವಾಗಲೂ ಇದಕ್ಕೇ ಮೀಸಲಿಟ್ಟಿದ್ದೇವೆ ಅನ್ನುವುದು ನಮಗೆ ಗೊತ್ತಾದದ್ದು ಅಂದೇ. ಮೂರನೇ ವಾರ ಎಲ್ಲರೂ ಸೆರಗನ್ನು ಟೊಂಕಕ್ಕೆ ಸುತ್ತಿ ಗಂಟು ಹಾಕಿದೆವು.

ಎಡಗೈ ಯಾರಿಗೂ ಮಾತು ಕೇಳಲಿಲ್ಲ. ಅಜ್ಜ ಬೈಯಲಿಲ್ಲ. “ರೊಟ್ಟಿ ಬಡಿತೀರಲ್ಲ, ಹಂಗ ಬಡೀರಿ. ಬೆರಳಲ್ಲ, ಅಂಗೈ” ಅಂದರು. ಅಷ್ಟೇ ಸಾಕಾಯಿತು. ಮಳೆಗಾಲದಲ್ಲಿ ಚರ್ಮ ತಂಪಿಗೆ ಸಡಿಲಾಗಿ ದನಿ ಮಂಕಾಗುತ್ತದೆ, ಬೆಂಕಿಯ ಕಾವು ತೋರಿಸಿ ಹಗ್ಗ ಬಿಗಿಯಬೇಕು ಎಂಬುದನ್ನೂ ಕಲಿತೆವು.

ಅಷ್ಟರಲ್ಲಿ ಊರಲ್ಲಿ ಮಾತು ಎದ್ದಿತು. ಡೊಳ್ಳು ದೇವರದು, ಮುಟ್ಟು-ಚಟ್ಟು ಇರುವ ಹೆಂಗಸರು ಮುಟ್ಟಬಾರದು ಅಂತ ಕೆಲವು ಹಿರಿಯರು. ಈ ಮಾತಿಗೆ ಅಜ್ಜ ಜಗಳಕ್ಕೆ ಹೋಗಲಿಲ್ಲ. “ದೇವರ ಡೊಳ್ಳು ಗುಡ್ಯಾಗ ಐತಿ. ಇದು ಕಲಿಯೋ ಡೊಳ್ಳು” ಅಂದು ಕೋಲು ಎತ್ತಿಕೊಂಡರು.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ನಮಗೆ ದೂರದವರಲ್ಲ, ಹೊಸಪೇಟೆ ದಾಟಿದರೆ ಅವರ ಊರು. ಜೋಗತಿ ನೃತ್ಯದ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆಗ ಊರೆಲ್ಲ ಅವರ ಫೋಟೋ ಸ್ಟೇಟಸ್ಸಿಗೆ ಹಾಕಿಕೊಂಡಿತ್ತು. ಟಿವಿಯಲ್ಲಿ ಕುಣಿದರೆ ಕಲೆ, ಪಕ್ಕದ ಮನೆಯವಳು ಕುಣಿದರೆ ಮರ್ಯಾದೆ ಪ್ರಶ್ನೆ!

ನಮಗೆ ನಿಜವಾದ ಪೆಟ್ಟು ಬಿದ್ದದ್ದು ಹಿರಿಯರಿಂದಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾರಿಸುತ್ತಿದ್ದವಳ ಗಂಡ ಒಂದು ರಾತ್ರಿ ಬಾಗಿಲಲ್ಲಿ ನಿಂತು, “ನಡಿ ಮನಿಗೆ” ಅಂದ. ಕೂಗಲಿಲ್ಲ, ಕೈ ಎತ್ತಲಿಲ್ಲ. ಅವಳು ಹಗ್ಗ ಬಿಚ್ಚಿ, ಡೊಳ್ಳನ್ನು ಮೆಲ್ಲಗೆ ನೆಲಕ್ಕಿಟ್ಟು ಹೋದಳು. ನಾವು ಐವರೂ ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಡದೆ ಬರೆಯಬೇಕು: ಅಷ್ಟು ಜೋರು ಸದ್ದು ಮಾಡಲು ಕಲಿತ ನಾವು ಆವತ್ತು ಒಂದು ಮಾತು ಆಡಲಿಲ್ಲ. ಮಾತಾಡಿದರೆ ಅವಳಿಗೇ ಕಷ್ಟ ಅಂದುಕೊಂಡೆವು. ನಮ್ಮ ಮನೆಯ ಬಾಗಿಲಿಗೂ ಅದೇ ಮಾತು ಬಂದೀತು ಅಂತ ಹೆದರಿದ್ದೂ ನಿಜ.

ರಾಜ್ಯೋತ್ಸವದ ಮೆರವಣಿಗೆಯಲ್ಲಿ ಐದು ಡೊಳ್ಳು ಹೊರಟವು. ಇಳಕಲ್ ಸೀರೆ, ಟೊಂಕಕ್ಕೆ ಬಿಗಿದ ಸೆರಗು. ಸಾಲಿನಲ್ಲಿ ಎರಡನೆಯ ಜಾಗ ಖಾಲಿ ಬಿಟ್ಟೆವು. ಹುಡುಗರು ಸಿಳ್ಳೆ ಹೊಡೆದರು. ಮೊದಲ ಹತ್ತು ನಿಮಿಷ ಕಾಲು ನಡುಗಿದವು, ಆಮೇಲೆ ಸಿಳ್ಳೆ ನಮ್ಮ ಸದ್ದಿನೊಳಗೆ ಮುಳುಗಿತು. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ನಮ್ಮ ಹೊಟ್ಟೆಯ ಮೇಲಿನ ಡೊಳ್ಳನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮರುದಿನ ಪತ್ರಿಕೆಯಲ್ಲಿ ಬೇರೊಬ್ಬರು ಬರೆದ ಸುದ್ದಿ ಬಂತು. ‘ಮಹಿಳೆಯರ ಡೊಳ್ಳು ಕುಣಿತ ಮೆರವಣಿಗೆಗೆ ಮೆರುಗು ನೀಡಿತು.’ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆರನೆಯ ಡೊಳ್ಳು ಹಿತ್ತಲ ಗೋಡೆಯ ಗೂಟಕ್ಕೆ ತೂಗುತ್ತಿದೆ. ವಾರಕ್ಕೊಮ್ಮೆ ಅದನ್ನೂ ಕಾಯಿಸಿ ಬಿಗಿಯುತ್ತೇವೆ. ಅವಳ ಮನೆ ಆ ಗೋಡೆಯಾಚೆಗೇ. ಗುರುವಾರ ರಾತ್ರಿ ಈಗ ಅವಳು ರೊಟ್ಟಿಯನ್ನು ತಡವಾಗಿ ಬಡಿಯುತ್ತಾಳೆ, ನಾವು ಶುರು ಮಾಡುವ ಹೊತ್ತಿಗೆ ಸರಿಯಾಗಿ. ತಾಳ ತಪ್ಪುವುದಿಲ್ಲ. ಮುಂದಿನ ವಾರ ನಾವು ಐವರೂ ಅವಳ ಮನೆಗೆ ಹೋಗಿ ಅವಳ ಗಂಡನ ಜೊತೆ ಮಾತಾಡುವುದು ಎಂದು ನಿಕ್ಕಿ ಮಾಡಿದ್ದೇವೆ.